ಹೊಳಲ್ಕೆರೆಯ ಕೊಳವೆಬಾವಿ ಲಾಗರ್: ಫ್ಲ್ಯಾಶ್ ಚಿಪ್ಪಿನ ವಿದ್ಯುತ್ತು ಹೋಗುವುದೆಲ್ಲಿಗೆ

ಹೊಳಲ್ಕೆರೆ ತಾಲ್ಲೂಕಿನಲ್ಲಿರುವ ದೊಡ್ಡಪ್ಪನ ಅಡಿಕೆ ತೋಟದ ಕೊಳವೆಬಾವಿಯಲ್ಲಿ ನೀರಿನ ಮಟ್ಟ ಹೇಗೆ ಏರಿಳಿಯುತ್ತದೆ ಎಂಬುದನ್ನು ನಿಮಿಷಕ್ಕೊಮ್ಮೆ ಬರೆದಿಟ್ಟುಕೊಳ್ಳುವ, ವರ್ಷಗಟ್ಟಲೆ ಯಾರೂ ಮುಟ್ಟದಿದ್ದರೂ ನಡೆಯುವ ಒಂದು ಲಾಗರ್ ಬೇಕಾಗಿತ್ತು. ತೋಟ ತಗ್ಗಿನಲ್ಲಿರುವುದರಿಂದ ಮೊಬೈಲ್ ಸಿಗ್ನಲ್ಲನ್ನು ನಂಬುವಂತಿಲ್ಲ. ಆದ್ದರಿಂದ ದಾಖಲೆಗಳೆಲ್ಲ ಸಾಧನದೊಳಗೇ ಉಳಿಯಬೇಕು. ಸೌರಫಲಕ ಕೂರಿಸಿದರೆ ಮಂಗಗಳು ಅದನ್ನು ನೆಟ್ಟಗಿರಲು ಬಿಡುವುದಿಲ್ಲ. ಹೀಗಾಗಿ ಇಡೀ ಸಾಧನ ಅರ್ಧ ಎಎ ಗಾತ್ರದ ಒಂದೇ ಒಂದು ಲಿಥಿಯಂ ಥಯೋನಿಲ್ ಕ್ಲೋರೈಡ್ ಸೆಲ್ಲಿನಲ್ಲಿ ನಡೆಯಬೇಕೆಂದು ಮೊದಲೇ ನಿಶ್ಚಯಿಸಿದೆ. ಅದರ ಸಾಮರ್ಥ್ಯ 1.2 ಆಂಪಿಯರ್-ಅವರ್, ಅಂದರೆ 4320 ಕೂಲಂಬ್. ಸೆಲ್ಲಿನ ವೋಲ್ಟೇಜನ್ನು ಒಂದು ಲೀನಿಯರ್ ರೆಗ್ಯುಲೇಟರ್ 3 ವೋಲ್ಟಿಗೆ ಇಳಿಸುತ್ತದೆ. ಇಂಥ ರೆಗ್ಯುಲೇಟರಿನಲ್ಲಿ ಒಳಗೆ ಹೋದ ವಿದ್ಯುತ್ಪ್ರವಾಹವೂ ಹೊರಗೆ ಬಂದ ಪ್ರವಾಹವೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಲೆಕ್ಕವನ್ನು ಜೂಲಿನಲ್ಲಿ ಇಡದೆ ಕೂಲಂಬಿನಲ್ಲಿ ಇಟ್ಟಿದ್ದೇನೆ. ಮುಂದಿನ ಅಂಕಿಗಳೆಲ್ಲ ಆ ಲೆಕ್ಕದವು.

ಎಸ್‌ಡಿ ಕಾರ್ಡನ್ನು ಏಕೆ ಬಳಸಲಿಲ್ಲ ಎಂದು ಕೇಳುವವರಿದ್ದಾರೆ. ಕಾರ್ಡಿನೊಳಗೆ ಫ್ಲ್ಯಾಶ್ ಚಿಪ್ಪಿನ ಜೊತೆ ಒಂದು ನಿಯಂತ್ರಕವೂ ಇರುತ್ತದೆ. ದೋಷಗಳನ್ನು ಸರಿಪಡಿಸುವುದು, ಬ್ಲಾಕುಗಳ (ಒಂದೇ ಸಲಕ್ಕೆ ಅಳಿಸುವ ತುಂಡುಗಳ) ಸವೆತವನ್ನು ಸಮನಾಗಿ ಹಂಚುವುದು, ಹಳೆಯ ದತ್ತಾಂಶವನ್ನು ಬೇರೆಡೆಗೆ ಸಾಗಿಸುವುದು ಇವೆಲ್ಲ ಅದರ ಇಷ್ಟದಂತೆ, ಅದು ಬಯಸಿದ ಹೊತ್ತಿಗೆ ನಡೆಯುತ್ತವೆ. ನಾವು ಕೆಲವೇ ಬೈಟು ಬರೆದಾಗಲೂ ಅದು ಒಳಗೊಳಗೇ ಇಡೀ ಬ್ಲಾಕನ್ನು ಸಾಗಿಸಲು ಹೊರಟರೆ ಹತ್ತಾರು ಮಿಲಿಆಂಪ್ ಎಳೆಯುತ್ತದೆ. ಈ ಪುಟ್ಟ ಸೆಲ್ಲು ಅಷ್ಟನ್ನು ಕೊಡಲಾರದು. ಎಷ್ಟು ದೋಷ ಬಂತು, ಎಷ್ಟನ್ನು ತಿದ್ದಿದೆ ಎಂಬುದನ್ನೂ ಕಾರ್ಡು ನಮಗೆ ಹೇಳುವುದಿಲ್ಲ. ನಿಯಂತ್ರಕವಿಲ್ಲದ ಬರಿಯ ನ್ಯಾಂಡ್ (ಫ್ಲ್ಯಾಶಿನ ಒಂದು ಬಗೆ) ಚಿಪ್ಪನ್ನು ತೆಗೆದುಕೊಂಡರೆ ಆ ದುಡಿಮೆಯೆಲ್ಲ ನಮ್ಮ ಮೇಲೆ ಬೀಳುತ್ತದೆ. ಪ್ರತಿಯಾಗಿ ಪ್ರತಿಯೊಂದು ಮೈಕ್ರೊಕೂಲಂಬಿನ ಲೆಕ್ಕವೂ ಕೈಗೆ ಸಿಗುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದ ಚಿಪ್ಪು 1 ಗಿಗಾಬಿಟ್‌ನದು, ಎಸ್‌ಎಲ್‌ಸಿ ಮಾದರಿಯದು, ಅಂದರೆ ಒಂದು ಕೋಶದಲ್ಲಿ ಒಂದೇ ಬಿಟ್ ಇಡುವಂಥದ್ದು. ಎಸ್‌ಪಿಐ ತಂತಿಗಳ ಮೇಲೆ, ಅಂದರೆ ಬಿಟ್ಟುಗಳನ್ನು ಒಂದರ ಹಿಂದೊಂದು ಸಾಗಿಸುವ ಸರಳ ಸಂಪರ್ಕದಲ್ಲಿ, ಮಾತಾಡುತ್ತದೆ. ಒಂದೇ ಸಲಕ್ಕೆ ಬರೆಯುವ ತುಂಡಾದ ಪೇಜಿಗೆ 2048 ಬೈಟು ಮತ್ತು ಹೆಚ್ಚುವರಿ ಜಾಗವಾಗಿ 64 ಬೈಟು, ಬ್ಲಾಕಿಗೆ 64 ಪೇಜು, ಒಟ್ಟು 1024 ಬ್ಲಾಕು. ಪೇಜು ಬರೆಯಲು ಸುಮಾರು 0.25 ಮಿಲಿಸೆಕೆಂಡ್ ಹಿಡಿಯುತ್ತದೆ. ಆಗ 25 ಮಿಲಿಆಂಪ್ ಎಳೆಯುತ್ತದೆ. ಸುಮ್ಮನಿದ್ದಾಗ ಎಳೆಯುವುದು ಸಾಮಾನ್ಯವಾಗಿ 10 ಮೈಕ್ರೊಆಂಪ್, ಗರಿಷ್ಠ 50 ಎಂದು ಡೇಟಾಶೀಟ್ ಹೇಳುತ್ತದೆ. ಜೊತೆಗಿರುವುದು 24 ಮೆಗಾಹರ್ಟ್ಸ್‌ನಲ್ಲಿ ಓಡುವಾಗ ಸುಮಾರು 3 ಮಿಲಿಆಂಪ್ ಬೇಡುವ ಕಡಿಮೆ ಖರ್ಚಿನ 32 ಬಿಟ್ ಮೈಕ್ರೊಕಂಟ್ರೋಲರ್. ನಿಮಿಷಕ್ಕೊಂದರಂತೆ ಬರುವ 32 ಬೈಟಿನ ದಾಖಲೆಗಳು ಮೈಕ್ರೊಕಂಟ್ರೋಲರಿನ ರ್‍ಯಾಮಿನಲ್ಲಿ ಕೂಡುತ್ತ ಹೋಗಿ, 64 ಆದಾಗ ಒಂದು ಪೇಜಾಗುತ್ತವೆ. ನಡುವೆ ಸೆಲ್ಲು ಕಳಚಿಕೊಂಡರೆ ಹೆಚ್ಚೆಂದರೆ ಸುಮಾರು ಒಂದು ತಾಸಿನ ದಾಖಲೆ ಹೋದೀತು. ಅಂತರ್ಜಲದ ಅಧ್ಯಯನಕ್ಕೆ ಅದು ದೊಡ್ಡ ನಷ್ಟವಲ್ಲ.

ಈ ವೇಗದಲ್ಲಿ ದಿನಕ್ಕೆ ಇಪ್ಪತ್ತೆರಡೂವರೆ ಪೇಜು ತುಂಬುತ್ತವೆ. ಚಿಪ್ಪಿನಲ್ಲಿ 65,536 ಪೇಜುಗಳಿವೆ. ಅಂದರೆ ಏನನ್ನೂ ಅಳಿಸದೆ ಸುಮಾರು ಎಂಟು ವರ್ಷ ಬರೆಯುತ್ತ ಹೋಗಬಹುದು. ಫ್ಲ್ಯಾಶ್ ಎಂದೊಡನೆ ಎಲ್ಲರೂ ಅಳಿಸಿ ಬರೆಯುವ ಸವೆತದ ಮಾತಾಡುತ್ತಾರೆ. ಇಲ್ಲಿ ಸವೆತದ ಪ್ರಶ್ನೆಯೇ ಇಲ್ಲ. ಮೊದಲ ದಿನ ಬರೆದ ಪೇಜು ಎಂಟು ವರ್ಷ ಬಿಸಿಲಿನಲ್ಲಿ ಕುಳಿತು, ಕೊನೆಗೆ ಓದಿದಾಗ ಸರಿಯಾಗಿ ಬರಬೇಕು ಎಂಬುದೊಂದೇ ಇಲ್ಲಿಯ ಪ್ರಶ್ನೆ.

ದತ್ತಾಂಶದ ಜೊತೆ ಕೆಲವು ಹೆಚ್ಚುವರಿ ಬಿಟ್ ಬರೆದಿಟ್ಟು, ಓದುವಾಗ ತಪ್ಪಿದ ಬಿಟ್ಟುಗಳನ್ನು ಅವುಗಳಿಂದ ಕಂಡುಹಿಡಿದು ದೋಷ ತಿದ್ದುವ ಸಂಕೇತಗಳಲ್ಲಿ ನನ್ನ ಮುಂದೆ ಮೂರು ಆಯ್ಕೆಗಳಿದ್ದವು. ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ಸಂಕೇತ 512 ಬೈಟಿನ ಸೆಕ್ಟರಿಗೆ, ಅಂದರೆ ಪೇಜಿನ ಕಾಲು ಭಾಗಕ್ಕೆ, ಮೂರೇ ಬೈಟು ಕೇಳುತ್ತದೆ, ಒಂದು ಬಿಟ್ ತಪ್ಪಿದರೆ ತಿದ್ದುತ್ತದೆ. ಬಿಸಿಎಚ್ ಸಂಕೇತವನ್ನು 1959ರಲ್ಲಿ ಫ್ರಾನ್ಸಿನ ಒಕೆಂಗೆಮ್ ಕಂಡುಕೊಂಡರು. 1960ರಲ್ಲಿ ರಾಜ್‌ಚಂದ್ರ ಬೋಸ್ ಮತ್ತು ಅವರ ಶಿಷ್ಯ ರಾಯ್‌ಚೌಧುರಿ ಅದನ್ನೇ ಸ್ವತಂತ್ರವಾಗಿ ಕಂಡುಕೊಂಡರು. ಮೂವರ ಹೆಸರುಗಳಿಂದ (ಬೋಸ್, ಚೌಧುರಿ, Hocquenghem) ಬಂದದ್ದು ಬಿಸಿಎಚ್. ಬೋಸ್ ಅವರು ಅಮೆರಿಕಕ್ಕೆ ಹೋಗುವ ಮೊದಲು ಕಲ್ಕತ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿದ್ದವರು. ಇಂದು ಕೋಟ್ಯಂತರ ಸಾಧನಗಳ ಒಳಗೆ ಅವರ ಹೆಸರಿನ ಮೊದಲಕ್ಷರ ಕುಳಿತಿದೆ ಎಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಇರಬೇಕಾದ ವಿಷಯವೆಂದು ನನಗೆ ಅನ್ನಿಸುತ್ತದೆ. 512 ಬೈಟಿನ ಸೆಕ್ಟರಿಗೆ ಬಿಸಿಎಚ್ ಕಟ್ಟುವಾಗ ತಿದ್ದಬೇಕಾದ ಪ್ರತಿ ಬಿಟ್ಟಿಗೆ 13 ಬಿಟ್ ಹೆಚ್ಚುವರಿ ಬೇಕು. ನಾಲ್ಕು ಬಿಟ್ ತಿದ್ದುವ ಬಿಸಿಎಚ್-4ಕ್ಕೆ 52 ಬಿಟ್, ಎಂಟು ಬಿಟ್ ತಿದ್ದುವ ಬಿಸಿಎಚ್-8ಕ್ಕೆ 104 ಬಿಟ್, ಅಂದರೆ ಸರಿಯಾಗಿ 13 ಬೈಟು.

ಚಿಪ್ಪಿನೊಳಗೇ ಒಂದು ಬಿಟ್ ತಿದ್ದುವ ವ್ಯವಸ್ಥೆ ಇದೆ, ಬೇಡವೆಂದರೆ ಅದನ್ನು ಬಂದ್ ಮಾಡಲೂಬಹುದು. ಅದು ಚಾಲೂ ಇದ್ದರೆ ಹೆಚ್ಚುವರಿ ಜಾಗದ ಅರ್ಧವನ್ನು ತನಗೇ ಇಟ್ಟುಕೊಳ್ಳುತ್ತದೆ, ಬಿಸಿಎಚ್-8 ಅಲ್ಲಿ ಹಿಡಿಸುವುದಿಲ್ಲ. ಬಂದ್ ಮಾಡಿದರೆ 64 ಬೈಟೂ ನಮ್ಮದೇ. ಕೆಟ್ಟ ಬ್ಲಾಕಿನ ಗುರುತಿಗೆಂದು ಕಾರ್ಖಾನೆಯವರು ಬಳಸುವ ಮೊದಲ 2 ಬೈಟನ್ನು ಮುಟ್ಟಬಾರದು. ನಾಲ್ಕು ಸೆಕ್ಟರಿಗೆ 13ರಂತೆ 52 ಬೈಟು ಹೋದರೆ ಉಳಿಯುವುದು 10: ಅದರಲ್ಲಿ ಪೇಜಿನ ಕ್ರಮಸಂಖ್ಯೆಗೆ 4, ಸಮಯಕ್ಕೆ 4, ಸಿಆರ್‌ಸಿಗೆ (ತಪ್ಪು ನುಸುಳಿದೆಯೇ ಎಂದು ತಾಳೆ ನೋಡುವ ಸಂಖ್ಯೆಗೆ) 2. ಒಂದು ಬೈಟೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಆ 10 ಬೈಟಿಗೂ ರಕ್ಷಣೆ ಬೇಕಾದ್ದರಿಂದ ಅವನ್ನು ಮೊದಲ ಸೆಕ್ಟರಿನ ದತ್ತಾಂಶದ ಬಾಲಕ್ಕೆ ಸೇರಿಸಿ ಸಂಕೇತ ಲೆಕ್ಕ ಹಾಕಿದ್ದೇನೆ. ಈ ಬಿಸಿಎಚ್ ಸಂಕೇತದ ಪೂರ್ಣ ಉದ್ದ 8191 ಬಿಟ್, ನಮ್ಮದು 4280ಕ್ಕೆ ಮುಗಿಯುತ್ತದೆ; ಆದ್ದರಿಂದ ಅಷ್ಟು ಉದ್ದವಾದರೂ ತೊಂದರೆಯಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಅಳಿಸಿದ ಪೇಜಿನ ಬೈಟುಗಳೆಲ್ಲ ಎಫ್‌ಎಫ್ ಆಗಿರುತ್ತವೆ, ಅಂದರೆ ಎಲ್ಲ ಬಿಟ್ಟುಗಳೂ ಒಂದು. ಆದರೆ ಎಲ್ಲವೂ ಎಫ್‌ಎಫ್ ಆಗಿರುವ ದತ್ತಾಂಶಕ್ಕೆ ಬಿಸಿಎಚ್ ಲೆಕ್ಕ ಹಾಕಿದರೆ ಬರುವ 13 ಬೈಟು ಎಫ್‌ಎಫ್ ಆಗಿರುವುದಿಲ್ಲ. ಹೀಗಾಗಿ ಇನ್ನೂ ಬರೆಯದ ಖಾಲಿ ಪೇಜನ್ನು ಓದಿದಾಗ ತಿದ್ದುವ ಕ್ರಮವಿಧಿ ಅದನ್ನು ಕೆಟ್ಟು ಹೋದ ಪೇಜೆಂದು ತಿಳಿದು, ಇಲ್ಲದ ದೋಷಗಳನ್ನು ಹುಡುಕುತ್ತ ವಿದ್ಯುತ್ತು ಸುಡುತ್ತದೆ. ಪರಿಹಾರ ಸರಳ: ಎಲ್ಲ ಎಫ್‌ಎಫ್ ದತ್ತಾಂಶಕ್ಕೆ ಬರುವ ಸಂಕೇತವನ್ನು ತಲೆಕೆಳಗು ಮಾಡಿ, ಅದನ್ನು ಒಂದು ಮುಸುಕಾಗಿ ಇಟ್ಟುಕೊಂಡು, ಬರೆಯುವಾಗಲೂ ಓದುವಾಗಲೂ ಎಕ್ಸ್‌ಆರ್ ಮಾಡುವುದು (ಎರಡು ಬಿಟ್ ಬೇರೆಯಿದ್ದರೆ ಒಂದು, ಒಂದೇ ಆಗಿದ್ದರೆ ಸೊನ್ನೆ). ಆಗ ಖಾಲಿ ಪೇಜು ತಾನೇ ಸರಿಯಾದ ಸಂಕೇತಪದವಾಗುತ್ತದೆ. ಅದರಲ್ಲಿ ಒಂದೆರಡು ಬಿಟ್ ಹೊರಳಿದರೂ ತಿದ್ದುಪಡಿ ಎಂದಿನಂತೆ ನಡೆಯುತ್ತದೆ. ಮೊದಲ ಸೆಕ್ಟರು 10 ಬೈಟು ಉದ್ದವಿರುವುದರಿಂದ ಅದರ ಮುಸುಕು ಬೇರೆ, ಉಳಿದ ಮೂರರದು ಬೇರೆ.

ಈಗ ಖರ್ಚಿಗೆ ಬರೋಣ. ಒಂದು ಬೈಟಿಗೊಂದು ಸಾಲಿನ ಕೋಷ್ಟಕವಿಟ್ಟುಕೊಂಡು ಬಿಸಿಎಚ್-8 ಲೆಕ್ಕ ಹಾಕಿದರೆ ಬೈಟಿಗೆ ಸುಮಾರು 30 ಗಡಿಯಾರ ಬಡಿತಗಳು ಬೇಕು, ಪೇಜಿಗೆ ಸುಮಾರು 61,000; ಅದು ಎರಡೂವರೆ ಮಿಲಿಸೆಕೆಂಡು, 7.7 ಮೈಕ್ರೊಕೂಲಂಬ್. ಬಿಸಿಎಚ್-4 ಅದರ ಅರ್ಧ. ಹ್ಯಾಮಿಂಗ್ ಸಂಕೇತ ಹೆಚ್ಚೆಂದರೆ 1 ಮೈಕ್ರೊಕೂಲಂಬ್. ಪೇಜನ್ನು ಕೋಶಗಳಿಗೆ ಬರೆಯುವ ಕೆಲಸಕ್ಕೆ 6.25 ಮೈಕ್ರೊಕೂಲಂಬ್, 2112 ಬೈಟನ್ನು 8 ಮೆಗಾಹರ್ಟ್ಸ್ ಎಸ್‌ಪಿಐ ಮೇಲೆ ಸಾಗಿಸಲು, ಎರಡೂ ಚಿಪ್ಪು ಸೇರಿ 6 ಮಿಲಿಆಂಪ್ ಎಂದು ಹಿಡಿದರೆ, ಸುಮಾರು 12.7. ಇಷ್ಟನ್ನೇ ನೋಡಿದವರಿಗೆ ಬಿಸಿಎಚ್-8 ದುಬಾರಿಯಾಗಿ ಕಾಣುತ್ತದೆ. ಬರೆಯುವುದಕ್ಕಿಂತ ಬರೆದದ್ದನ್ನು ಕಾಯುವ ಲೆಕ್ಕಕ್ಕೇ ಹೆಚ್ಚು ಖರ್ಚು ಎಂದು ಹ್ಯಾಮಿಂಗ್‌ಗೆ ಇಳಿಯಬೇಕೆನ್ನಿಸುತ್ತದೆ.

ಆದರೆ ದಿನದ ಲೆಕ್ಕ ಹಾಕಿ ನೋಡಿ. ಬಿಸಿಎಚ್-8ಕ್ಕೂ ಹ್ಯಾಮಿಂಗ್‌ಗೂ ಇರುವ ವ್ಯತ್ಯಾಸ ಪೇಜಿಗೆ 6.7 ಮೈಕ್ರೊಕೂಲಂಬ್, ದಿನಕ್ಕೆ ಸುಮಾರು 150. ಚಿಪ್ಪು ಏನೂ ಮಾಡದೆ ಸುಮ್ಮನೆ ಕುಳಿತಿದ್ದಕ್ಕೆ 10 ಮೈಕ್ರೊಆಂಪಿನಂತೆ ದಿನಕ್ಕೆ 8,64,000 ಮೈಕ್ರೊಕೂಲಂಬ್. ಒಂದು ದಿನ ಪೂರ್ತಿ ಬಲವಾದ ಸಂಕೇತವನ್ನು ಬಳಸಿದ್ದರ ಹೆಚ್ಚುವರಿ ಖರ್ಚು ಹದಿನೈದು ಸೆಕೆಂಡಿನ ಸ್ಟ್ಯಾಂಡ್‌ಬೈಗೆ ಸಮ! ಅದೂ ಸಾಮಾನ್ಯ ಅಂಕಿಯನ್ನು ನಂಬಿದರೆ. ಬಿಸಿಯಾದಂತೆ ಸಿಲಿಕಾನಿನ ಸೋರಿಕೆ ಏರುವುದರಿಂದ ಗರಿಷ್ಠ ಅಂಕಿಯಾದ 50 ಮೈಕ್ರೊಆಂಪನ್ನೇ ಹಿಡಿಯಬೇಕು; ಹಾಗೆ ಹಿಡಿದರೆ ದಿನಕ್ಕೆ 4.32 ಕೂಲಂಬ್, ಅಂದರೆ ಫ್ಲ್ಯಾಶ್ ಚಿಪ್ಪೊಂದೇ ಸುಮ್ಮನೆ ಕುಳಿತು ಸಾವಿರ ದಿನಕ್ಕೆ ಇಡೀ ಸೆಲ್ಲನ್ನು ಮುಗಿಸುತ್ತದೆ. ಮೈಕ್ರೊಕಂಟ್ರೋಲರಿನ ನಿದ್ರೆ, ರೆಗ್ಯುಲೇಟರ್, ಒತ್ತಡ ಸಂವೇದಕ ಎಲ್ಲ ಸೇರಿಸಿದರೂ ದಿನಕ್ಕೆ 0.31 ಕೂಲಂಬ್ ದಾಟುವುದಿಲ್ಲ. ಸಂಕೇತವನ್ನು ದುರ್ಬಲಗೊಳಿಸಿ ವಿದ್ಯುತ್ತು ಉಳಿಸುವ ಯೋಚನೆಯನ್ನು ನಾನು ಅಲ್ಲಿಗೇ ಕೈಬಿಟ್ಟೆ. ಉಳಿತಾಯ ಸಿಗುವುದು ಚಿಪ್ಪಿನ ವಿದ್ಯುತ್ತನ್ನು ಪೂರ್ತಿ ಕಡಿದುಹಾಕುವುದರಿಂದ.

ಕಡಿಯಲು ಬೇಕಾದದ್ದು ಸ್ವಿಚ್ಚಿನಂತೆ ಕೆಲಸ ಮಾಡುವ ಒಂದು ಪಿ-ಚಾನೆಲ್ ಮಾಸ್‌ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್), ಒಂದೆರಡು ರೆಸಿಸ್ಟರು. ಅವು ದಾವಣಗೆರೆಯಲ್ಲೇ ಸಿಕ್ಕವು. ಮಂಡಲ ಚಿಕ್ಕದಾದರೂ ಅದರಲ್ಲಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಮಾಸ್‌ಫೆಟ್ ಬಂದ್ ಮಾಡಿದ ಮೇಲೂ ಚಿಪ್ಪಿನ ವಿದ್ಯುತ್ ಕಾಲಿನಲ್ಲಿ ಮಲ್ಟಿಮೀಟರು ಎರಡು ವೋಲ್ಟಿಗೂ ಮೀರಿ ತೋರಿಸುತ್ತದೆ. ಎಸ್‌ಪಿಐ ಆಯ್ಕೆ ತಂತಿ ಮತ್ತು ಬರಹ-ತಡೆ ತಂತಿಗಳನ್ನು ಮೇಲಕ್ಕೆ ಎಳೆದಿಡುವ ರೆಸಿಸ್ಟರುಗಳು ಮುಖ್ಯ ವಿದ್ಯುತ್ತಿಗೆ ಜೋಡಣೆಯಾಗಿದ್ದರೆ, ಅಲ್ಲಿಂದ ಚಿಪ್ಪಿನ ಕಾಲುಗಳ ರಕ್ಷಣಾ ಡಯೋಡುಗಳ ಮೂಲಕ ಹಿಂಬಾಗಿಲಿನಿಂದ ವಿದ್ಯುತ್ತು ನುಗ್ಗುತ್ತದೆ. ಚಿಪ್ಪು ಅರೆಪ್ರಾಣವಾಗಿ ಉಳಿಯುತ್ತದೆ, ಮುಂದಿನ ಬಾರಿ ಎಬ್ಬಿಸಿದಾಗ ಯಾವ ಸ್ಥಿತಿಯಲ್ಲಿದೆಯೆಂದು ಹೇಳಲಾಗದು. ಆದ್ದರಿಂದ ಆ ರೆಸಿಸ್ಟರುಗಳ ಮೇಲ್ತುದಿಯನ್ನು ಮಾಸ್‌ಫೆಟ್ಟಿನ ಆಚೆ ಬದಿಗೆ, ಅಂದರೆ ಕಡಿದಾಗ ಸಾಯುವ ಬದಿಗೆ ಬೆಸೆಯಬೇಕು. ಜೊತೆಗೆ ಕಡಿಯುವ ಮೊದಲು ಮೈಕ್ರೊಕಂಟ್ರೋಲರ್ ತನ್ನ ಎಸ್‌ಪಿಐ ಕಾಲುಗಳನ್ನೆಲ್ಲ ಸೊನ್ನೆಗೆ ಇಳಿಸಬೇಕು.

ಎರಡನೆಯದು ಕೆಪಾಸಿಟರಿನದು. ಚಿಪ್ಪಿನ ಪಕ್ಕದಲ್ಲಿ 10 ಮೈಕ್ರೊಫ್ಯಾರಡ್ ಇಡುವುದು ರೂಢಿ. ಪ್ರತಿ ಸಲ ಚಾಲೂ ಮಾಡಿದಾಗ ಅದನ್ನು ಸೊನ್ನೆಯಿಂದ 3 ವೋಲ್ಟಿಗೆ ತುಂಬಲು 30 ಮೈಕ್ರೊಕೂಲಂಬ್ ಹೋಗುತ್ತದೆ. ಪೇಜನ್ನು ಸಂಕೇತಿಸಿ, ಸಾಗಿಸಿ, ಬರೆಯುವ ಒಟ್ಟು ಖರ್ಚೇ 26.6! ಹೀಗಾಗಿ ಕಡಿಯುವ ಬದಿಯಲ್ಲಿ 1 ಮೈಕ್ರೊಫ್ಯಾರಡ್ ಮಾತ್ರ ಬಿಟ್ಟು, ದೊಡ್ಡ ಕೆಪಾಸಿಟರುಗಳನ್ನೆಲ್ಲ ಸೆಲ್ಲಿನ ಬದಿಗೆ ಸರಿಸಿದ್ದೇನೆ. ಅಲ್ಲಿ ಅವು ಬೇಕೇ ಬೇಕು, ಏಕೆಂದರೆ ಥಯೋನಿಲ್ ಸೆಲ್ಲಿನೊಳಗೆ ಲಿಥಿಯಂ ಮೇಲೆ ಒಂದು ಪೊರೆ ಕಟ್ಟಿಕೊಂಡಿರುತ್ತದೆ. ಬಹಳ ಹೊತ್ತು ಸುಮ್ಮನಿದ್ದು ಒಮ್ಮೆಲೇ 25 ಮಿಲಿಆಂಪ್ ಕೇಳಿದರೆ ವೋಲ್ಟೇಜು ಕುಸಿಯುತ್ತದೆ. ಅದಕ್ಕೆಂದು ಎಲೆಕ್ಟ್ರೊಲಿಟಿಕ್ ಕೆಪಾಸಿಟರನ್ನು ಹಾಕಬಾರದು. 470 ಮೈಕ್ರೊಫ್ಯಾರಡ್, 6.3 ವೋಲ್ಟಿನ ಸಾಮಾನ್ಯ ಎಲೆಕ್ಟ್ರೊಲಿಟಿಕ್ಕಿಗೆ ತಯಾರಕರು ಒಪ್ಪುವ ಸೋರಿಕೆಯ ಮಿತಿ ಸುಮಾರು 30 ಮೈಕ್ರೊಆಂಪ್. ಫ್ಲ್ಯಾಶನ್ನು ಕಡಿದು ಉಳಿಸಿದ್ದನ್ನು ಅದು ತಿಂದುಹಾಕಬಹುದು. ನಾನು 100 ಮೈಕ್ರೊಫ್ಯಾರಡ್‌ನ ಎರಡು ಸೆರಾಮಿಕ್ ಕೆಪಾಸಿಟರುಗಳನ್ನು ಹಾಕಿದೆ. ಡಿಸಿ ವೋಲ್ಟೇಜಿನ ಕೆಳಗೆ ಅವುಗಳ ಸಾಮರ್ಥ್ಯ ಅರ್ಧಕ್ಕೆ ಇಳಿದರೂ ಒಂದು ಪೇಜು ಬರೆಯುವಾಗ ವೋಲ್ಟೇಜು ಕಾಲು ವೋಲ್ಟಿನಷ್ಟು ಮಾತ್ರ ಇಳಿಯುತ್ತದೆ, ರೆಗ್ಯುಲೇಟರಿಗೆ ಅದು ಸಾಕು.

ಪೆಟ್ಟಿಗೆಯನ್ನು ಕೇಸಿಂಗ್ ಪೈಪಿಗೆ ಕಟ್ಟಿದ ಬೇಸಿಗೆಯ ಮಧ್ಯಾಹ್ನ ದೊಡ್ಡಪ್ಪ ಅದರ ಮೇಲೆ ಕೈಯಿಟ್ಟು, "ಮುಟ್ಟಿದ್ರೆ ಕೈ ಸುಡ್ತೈತೆ ಕಣಪ್ಪ, ಒಳಗಿರೋದಕ್ಕೆ ಏನೂ ಆಗಲ್ವಾ?" ಎಂದು ಕೇಳಿದರು. ಆಗುತ್ತದೆ. ಫ್ಲ್ಯಾಶ್ ಕೋಶದಲ್ಲಿ ಬಿಟ್ ಎಂದರೆ ನಿರೋಧಕ ಪದರದ ನಡುವೆ ಸಿಕ್ಕಿಸಿಟ್ಟ ಎಲೆಕ್ಟ್ರಾನುಗಳು. ಕಾಲ ಕಳೆದಂತೆ ಅವು ಸೋರುತ್ತವೆ, ಬಿಸಿಯಾದರೆ ಸೋರಿಕೆಯ ವೇಗ ಘಾತೀಯವಾಗಿ ಏರುತ್ತದೆ. ನ್ಯಾಂಡ್ ಚಿಪ್ಪುಗಳ ದತ್ತಾಂಶ ಉಳಿಕೆಯನ್ನು ಅಳೆಯುವವರು ಉಷ್ಣತೆ ಏರಿದಂತೆ ವೇಗ ಎಷ್ಟು ಏರುತ್ತದೆಂದು ಹೇಳುವ ಅರೇನಿಯಸ್ ಸಮೀಕರಣದಲ್ಲಿ 1.1 ಎಲೆಕ್ಟ್ರಾನ್ ವೋಲ್ಟಿನ ಶಕ್ತಿತಡೆಯನ್ನು ಸಾಮಾನ್ಯವಾಗಿ ಬಳಸುತ್ತಾರೆ. ಅದರಂತೆ 30 ಡಿಗ್ರಿಗೆ ಹೋಲಿಸಿದರೆ 40 ಡಿಗ್ರಿಯಲ್ಲಿ ಮುಪ್ಪು 3.8 ಪಟ್ಟು ಬೇಗ ಬರುತ್ತದೆ, 50ರಲ್ಲಿ ಹದಿಮೂರೂವರೆ ಪಟ್ಟು, 55ರಲ್ಲಿ ಸುಮಾರು 25 ಪಟ್ಟು, 60ರಲ್ಲಿ 44 ಪಟ್ಟು. ಮನೆಬಳಕೆಯ ಎಸ್‌ಎಸ್‌ಡಿಗಳಿಗೆ (ಕಂಪ್ಯೂಟರಿನ ಫ್ಲ್ಯಾಶ್ ಡ್ರೈವುಗಳಿಗೆ) ಚಿಪ್ ಉದ್ಯಮದ ಮಾನಕ ಸಂಸ್ಥೆಯಾದ ಜೆಡೆಕ್‌ನ ಮಾನದಂಡ ವಿಧಿಸಿರುವುದು, ಬರಹದ ಆಯಸ್ಸು ತೀರಿದ ಮೇಲೂ ವಿದ್ಯುತ್ತಿಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ದತ್ತಾಂಶ ಉಳಿಯಬೇಕೆಂದು. ಚಿತ್ರದುರ್ಗದ ಬಿಸಿಲಿನಲ್ಲಿ ಕಬ್ಬಿಣದ ಪೆಟ್ಟಿಗೆಯೊಳಗೆ 30 ಡಿಗ್ರಿ ಎಂಬುದು ಬೆಳಗಿನ ಜಾವದ ಮಾತು.

ಆ ಪ್ರಶ್ನೆ ಕೇಳಿದ ವಾರವೇ ಪೆಟ್ಟಿಗೆಯ ಮೇಲೆ ಎರಡು ಬೆರಳಿನಷ್ಟು ಅಂತರ ಬಿಟ್ಟು ಬಿಳಿ ಬಣ್ಣ ಬಳಿದ ಎರಡನೆಯ ತಗಡನ್ನು ಕೂರಿಸಿದೆವು. ಒಳಗಿನ ಉಷ್ಣತೆ 55ರಿಂದ 45ಕ್ಕೆ ಇಳಿದರೆ ಸೋರಿಕೆ 3.4 ಪಟ್ಟು ಕಡಿಮೆಯಾಗುತ್ತದೆ. ಒಂದು ತುಂಡು ತಗಡು ಮಾಡುವ ಈ ಕೆಲಸವನ್ನು ಅಷ್ಟು ಅಗ್ಗವಾಗಿ ಮಾಡುವ ಸಂಕೇತ ಯಾವುದೂ ಇಲ್ಲ. ಫರ್ಮ್‌ವೇರ್, ಅಂದರೆ ಸಾಧನದೊಳಗಿನ ತಂತ್ರಾಂಶ, ಬರೆಯುವವರು ಇದನ್ನು ಯೋಚಿಸುವುದು ಅಪರೂಪ.

ಬಲವಾದ ಸಂಕೇತ ನಿಜವಾಗಿ ಕೊಡುವುದೇನು ಎಂಬುದು ಸಂಭಾವ್ಯತೆಯ ಲೆಕ್ಕದಿಂದ ಗೊತ್ತಾಗುತ್ತದೆ. ಚಿಪ್ಪು ಪೂರ್ತಿ ತುಂಬಿದಾಗ 2,62,144 ಸೆಕ್ಟರುಗಳಿರುತ್ತವೆ. ಲಕ್ಷ ಬಿಟ್ಟಿಗೆ ಒಂದು ತಪ್ಪಿದೆಯೆಂದುಕೊಳ್ಳಿ, ತಪ್ಪುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬಿದ್ದಿವೆಯೆಂದುಕೊಳ್ಳಿ. ಆಗ ಹ್ಯಾಮಿಂಗ್ ಸಂಕೇತ ಇನ್ನೂರಕ್ಕೂ ಹೆಚ್ಚು ಸೆಕ್ಟರುಗಳನ್ನು ಕಳೆದುಕೊಳ್ಳುತ್ತದೆ. ಬಿಸಿಎಚ್-4 ಒಂದೇ ಒಂದನ್ನು ಕಳೆದುಕೊಳ್ಳುವ ಸಂಭವ ಹತ್ತು ಸಾವಿರಕ್ಕೆ ಮೂರು. ದೋಷದ ಪ್ರಮಾಣ ಹತ್ತು ಪಟ್ಟು ಏರಿ ಹತ್ತು ಸಾವಿರಕ್ಕೆ ಒಂದು ಬಿಟ್ ಆಯಿತೆನ್ನಿ: ಬಿಸಿಎಚ್-4ರಲ್ಲಿ ಸುಮಾರು ಇಪ್ಪತ್ತು ಸೆಕ್ಟರು ಹೋಗುತ್ತವೆ, ಬಿಸಿಎಚ್-8ರಲ್ಲಿ ಒಂದು ಹೋಗುವ ಸಂಭವ ಇನ್ನೂ ಹತ್ತು ಸಾವಿರಕ್ಕೆ ಎರಡರ ಆಸುಪಾಸಿನಲ್ಲಿರುತ್ತದೆ. ಅಂದರೆ ಬಿಸಿಎಚ್-4 ಲಕ್ಷಕ್ಕೆ ಒಂದರ ಹಂತದಲ್ಲಿ ಕೊಡುವ ನಿಶ್ಚಿಂತೆಯನ್ನು ಬಿಸಿಎಚ್-8 ಹತ್ತು ಪಟ್ಟು ಕೆಟ್ಟ ಸ್ಥಿತಿಯಲ್ಲೂ ಕೊಡುತ್ತದೆ. ನಾನು ಈ ಹೆಚ್ಚುವರಿ ಬಲವನ್ನು ಸುಮ್ಮನೆ ಇಟ್ಟುಕೊಳ್ಳದೆ ವಿದ್ಯುತ್ತಿಗೆ ಮಾರಿಕೊಂಡಿದ್ದೇನೆ: ಬರೆದದ್ದನ್ನು ಆಗಾಗ ಓದಿ ಪರೀಕ್ಷಿಸಿ ಹೊಸದಾಗಿ ಬರೆಯುವ ಕೆಲಸವನ್ನು ಅಪರೂಪಕ್ಕೆ ಇಳಿಸಿದ್ದೇನೆ.

ಏಕೆಂದರೆ ಪರೀಕ್ಷಿಸುವುದು ಪುಕ್ಕಟೆಯಲ್ಲ. ಒಂದು ಪೇಜನ್ನು ಹೊರತೆಗೆದು ಸಂಕೇತ ಸರಿಯಿದೆಯೇ ಎಂದು ನೋಡಲು ಸುಮಾರು 21 ಮೈಕ್ರೊಕೂಲಂಬ್ ಬೇಕು. ಇಡೀ ಚಿಪ್ಪನ್ನು ಓದಿದರೆ ಹತ್ತಿರ ಹತ್ತಿರ 1.4 ಕೂಲಂಬ್, ಅಂದರೆ ಸಾಧನದ ನಾಲ್ಕೂವರೆ ದಿನದ ಊಟ ಒಂದೇ ಸಲಕ್ಕೆ ಖಾಲಿ. ಒಂದೇ ಬಿಟ್ ತಿದ್ದುವ ಸಂಕೇತವಾಗಿದ್ದರೆ ಎರಡನೆಯ ಬಿಟ್ ಬೀಳುವ ಮೊದಲೇ ಓಡಿಹೋಗಿ ನೋಡಬೇಕಾಗಿತ್ತು, ಈ ಖರ್ಚನ್ನು ಮತ್ತೆ ಮತ್ತೆ ತೆರಬೇಕಾಗಿತ್ತು. ಎಂಟು ಬಿಟ್ಟಿನ ಅವಕಾಶವಿರುವಾಗ ಪ್ರತಿ ಬ್ಲಾಕಿನಿಂದ ಒಂದೇ ಪೇಜನ್ನು ಮಾದರಿಯಾಗಿ ಓದಿದರೆ ಸಾಕು. ಅದಕ್ಕೆ ಒಟ್ಟು 21.5 ಮಿಲಿಕೂಲಂಬ್. ಮಾದರಿ ಪೇಜಿನ ಯಾವುದಾದರೂ ಸೆಕ್ಟರಿನಲ್ಲಿ ಎರಡು ಬಿಟ್ ತಪ್ಪಿದ್ದರೆ ಆ ಬ್ಲಾಕನ್ನು ಪೂರ್ತಿ ಓದುತ್ತದೆ. ನಾಲ್ಕು ಬಿಟ್ ಮುಟ್ಟಿದ ಸೆಕ್ಟರು ಸಿಕ್ಕರೆ ಮಾತ್ರ ಇಡೀ ಬ್ಲಾಕನ್ನು ತಿದ್ದಿ ಹೊಸ ಜಾಗಕ್ಕೆ ಬರೆಯುತ್ತದೆ.

ಪರೀಕ್ಷೆಯ ಸಮಯವನ್ನು ತಿಂಗಳಿಗೊಮ್ಮೆ ಎಂದು ಕ್ಯಾಲೆಂಡರಿನಿಂದ ನಿಶ್ಚಯಿಸಿಲ್ಲ. ಮೈಕ್ರೊಕಂಟ್ರೋಲರಿನೊಳಗೆ ಹೇಗೂ ಒಂದು ಉಷ್ಣಮಾಪಕವಿದೆ. ನಿಮಿಷಕ್ಕೊಮ್ಮೆ ಎಚ್ಚರವಾದಾಗ ಅದನ್ನು ಓದಿ, ಐದು ಡಿಗ್ರಿಗೊಂದರಂತೆ ಬರೆದಿಟ್ಟ ಅರೇನಿಯಸ್ ಕೋಷ್ಟಕದಿಂದ ಆ ನಿಮಿಷವು 30 ಡಿಗ್ರಿಯ ಎಷ್ಟು ನಿಮಿಷಕ್ಕೆ ಸಮವೆಂದು ನೋಡಿ ಕೂಡುತ್ತ ಹೋಗುತ್ತದೆ. ಮೊತ್ತ 4000 ತಾಸು ದಾಟಿದಾಗ ಮಾದರಿ ಪರೀಕ್ಷೆ ನಡೆದು ಲೆಕ್ಕ ಸೊನ್ನೆಗೆ ಮರಳುತ್ತದೆ. ದಿನಕ್ಕೆ ಎಂಟು ತಾಸು 55 ಡಿಗ್ರಿಯಿರುವ ಕಡುಬೇಸಿಗೆಯಲ್ಲಿ ಇದು ಮೂರು ವಾರಕ್ಕೊಮ್ಮೆ ಬರುತ್ತದೆ. ಸದಾ 25 ಡಿಗ್ರಿಯಿದ್ದರೆ ಹತ್ತಿರ ಹತ್ತಿರ ವರ್ಷಕ್ಕೊಮ್ಮೆ. ಮಳೆಗಾಲ ಮತ್ತು ಚಳಿಗಾಲದಲ್ಲಿ ಸಾಧನ ಸುಮ್ಮನಿರುತ್ತದೆ, ಏಪ್ರಿಲ್ ಬಂದಾಗ ತಾನೇ ಚುರುಕಾಗುತ್ತದೆ.

ದೋಷ ಸಿಕ್ಕಾಗ ತಿದ್ದುವ ಬಗೆಯಲ್ಲೂ ಉಳಿತಾಯಕ್ಕೆ ದಾರಿಯಿದೆ. ಓದಿದ ದತ್ತಾಂಶದಿಂದ ಸಂಕೇತವನ್ನು ಮತ್ತೆ ಲೆಕ್ಕ ಹಾಕಿ, ಶೇಖರಿಸಿಟ್ಟದ್ದರೊಡನೆ ಎಕ್ಸ್‌ಆರ್ ಮಾಡಿ, ಸೊನ್ನೆ ಬಂದರೆ ಅಲ್ಲಿಗೆ ಕೆಲಸ ಮುಗಿಯಿತು. ಬಹುಪಾಲು ಪೇಜುಗಳ ಕಥೆ ಇಷ್ಟೇ. ಸೊನ್ನೆ ಬರದಿದ್ದರೆ ಉಳಿದ 104 ಬಿಟ್ಟುಗಳಿಂದ ಸಿಂಡ್ರೋಮುಗಳನ್ನು, ಅಂದರೆ ದೋಷದ ಸುಳಿವು ಕೊಡುವ ಸಂಖ್ಯೆಗಳನ್ನು, ತೆಗೆಯುವುದೂ ಅಗ್ಗವೇ. ದುಬಾರಿಯಾದದ್ದು ಅದರ ಮುಂದಿನ ಹೆಜ್ಜೆ: ದೋಷವಿರುವ ಸ್ಥಾನಗಳನ್ನು ಹುಡುಕಲು 4280 ಸ್ಥಾನಗಳನ್ನೂ ಒಂದೊಂದಾಗಿ ಪರೀಕ್ಷಿಸುವ ಚಿಯೆನ್ ಶೋಧ. ಅದಕ್ಕೆ ಒಂದು ಸೆಕ್ಟರಿಗೆ ಸುಮಾರು 14 ಮಿಲಿಸೆಕೆಂಡು, 40 ಮೈಕ್ರೊಕೂಲಂಬಿಗೂ ಹೆಚ್ಚು. ಪೇಜು ಓದುವ ಖರ್ಚಿನ ಎರಡು ಪಟ್ಟು. ಆದರೆ ತಪ್ಪಿರುವುದು ಒಂದೇ ಬಿಟ್ ಆದರೆ ಶೋಧವೇ ಬೇಡ. ಮೊದಲ ಸಿಂಡ್ರೋಮಿನ ಲಾಗರಿದಮ್ಮೇ ಆ ಬಿಟ್ಟಿನ ಸ್ಥಾನ. ಮೂರನೆಯ ಸಿಂಡ್ರೋಮ್ ಮೊದಲನೆಯದರ ಘನ, ಐದನೆಯದು ಐದನೆಯ ಘಾತ, ಹೀಗೆ ಹದಿನೈದರವರೆಗಿನ ಬೆಸ ಸಿಂಡ್ರೋಮುಗಳೆಲ್ಲ ಹೊಂದಿದರೆ ಒಂದೇ ದೋಷವೆಂದು ಖಚಿತ. ಎರಡು ದೋಷವಿದ್ದರೆ ಒಂದು ವರ್ಗ ಸಮೀಕರಣ ಬಿಡಿಸಿದರೆ ಸಾಕು. ಮೂರಕ್ಕೆ ಏರಿದಾಗ ಮಾತ್ರ ಪೂರ್ಣ ಶೋಧಕ್ಕೆ ಕೈಹಾಕುವಂತೆ ಬರೆದಿದ್ದೇನೆ. ಲಿನಕ್ಸ್ ಕರ್ನಲ್ಲಿನ ಬಿಸಿಎಚ್ ಲೈಬ್ರರಿಯೂ ಚಿಯೆನ್ ಶೋಧವನ್ನು ಬಿಟ್ಟು, ಬಹುಪದಿಯನ್ನು ಒಡೆಯುತ್ತ ಮೂಲಗಳನ್ನು ಹುಡುಕುವ ಬರ್ಲೆಕ್ಯಾಂಪ್ ವಿಧಾನವನ್ನು ಹಿಡಿದಿದೆ. ಅದರ ಸೋರ್ಸ್ ಕೋಡನ್ನು ಓದಿದರೆ ಕಲಿಯುವುದು ಬಹಳ.

ತಿದ್ದಿದ ಬಿಟ್ಟುಗಳನ್ನು ಎಣಿಸುವಾಗ ಒಂದೇ ಎಣಿಕೆ ಇಡದೆ ಎರಡು ಇಟ್ಟಿದ್ದೇನೆ. ಎಸ್‌ಎಲ್‌ಸಿ ಕೋಶದಲ್ಲಿ ಎಲೆಕ್ಟ್ರಾನು ತುಂಬಿದ್ದರೆ ಸೊನ್ನೆ, ಖಾಲಿಯಿದ್ದರೆ ಒಂದು. ಸೋರಿಕೆಯಿಂದ ಸೊನ್ನೆ ಹೋಗಿ ಒಂದಾಗುತ್ತದೆ. ಪಕ್ಕದ ಪೇಜನ್ನು ಬರೆದದ್ದರಿಂದ ಅಥವಾ ಅತಿಯಾಗಿ ಓದಿದ್ದರಿಂದ ಎಲೆಕ್ಟ್ರಾನು ಒಳನುಗ್ಗಿದರೆ ಒಂದು ಹೋಗಿ ಸೊನ್ನೆಯಾಗುತ್ತದೆ. ಯಾವ ದಿಕ್ಕಿನ ಎಣಿಕೆ ಏರುತ್ತಿದೆ ಎಂಬುದನ್ನು ನೋಡಿದರೆ ಸಾಕು, ಕಾರಣ ಬಿಸಿಯೋ ನಮ್ಮದೇ ಓದಾಟವೋ ಎಂದು ತಿಳಿಯುತ್ತದೆ. ಮೇಜಿನ ಮೇಲಿನ ಪರೀಕ್ಷೆಗೆ ಇನ್ನೊಂದು ಚಿಪ್ಪಿನ ಕೆಲವು ಬ್ಲಾಕುಗಳನ್ನು ಸಾವಿರಾರು ಬಾರಿ ಅಳಿಸಿ ಬರೆದು ಸವೆಸಿ, ಮತ್ತೆ ಕೆಲವನ್ನು ಹೊಸದಾಗಿಯೇ ಬಿಟ್ಟು, 3ಡಿ ಪ್ರಿಂಟರಿನ ಬಿಸಿಹಾಸಿನ ಮೇಲೆ 85 ಡಿಗ್ರಿಯಲ್ಲಿ ಇಟ್ಟೆ. ಅದೇ ಸಮೀಕರಣದ ಪ್ರಕಾರ ಅಲ್ಲಿಯ ಒಂದು ದಿನ 40 ಡಿಗ್ರಿಯ ಐದೂವರೆ ತಿಂಗಳಿಗೆ ಸಮ. ಹೊಸ ಬ್ಲಾಕುಗಳಲ್ಲಿ ದೋಷ ಕಾಣಲಿಲ್ಲ. ಸವೆದವುಗಳಲ್ಲಿ ಅಲ್ಲಲ್ಲಿ ಒಂದು ಬಿಟ್, ಕೆಲವೇ ಸೆಕ್ಟರುಗಳಲ್ಲಿ ಎರಡು ಬಿಟ್ ಹೊರಳಿದ್ದವು, ಅವೆಲ್ಲವೂ ಸೊನ್ನೆಯಿಂದ ಒಂದರ ಕಡೆಗೆ. ಇದನ್ನೇ ನೋಡಿ ಬಿಸಿಎಚ್-4 ಸಾಕಾಗಿತ್ತು ಎನ್ನುವವರ ವಾದದಲ್ಲಿ ಹುರುಳಿದೆ. ಆದರೆ ಎಂಟು ವರ್ಷದ ಬಿಸಿಲನ್ನು ಕೆಲವು ದಿನದ ಬಿಸಿಹಾಸು ಪೂರ್ತಿಯಾಗಿ ತೋರಿಸಲಾರದು. ಹೆಚ್ಚುವರಿ ಬಲದ ಬೆಲೆ ದಿನಕ್ಕೆ ಕೆಲವು ಸೆಕೆಂಡಿನ ಸ್ಟ್ಯಾಂಡ್‌ಬೈ ಮಾತ್ರ ಆಗಿರುವಾಗ ಜಿಪುಣತನಕ್ಕೆ ಕಾರಣವಿಲ್ಲ.

ಈ ತರ್ಕವನ್ನು ಮೊಬೈಲಿಗೋ ಎಸ್‌ಎಸ್‌ಡಿಗೋ ಹಾಗೆಯೇ ಅನ್ವಯಿಸಬಾರದು. ಅಲ್ಲಿ ಓದು ನಿಲ್ಲುವುದೇ ಇಲ್ಲ. ಟಿಎಲ್‌ಸಿ ಕೋಶದಲ್ಲಿ ಮೂರು ಬಿಟ್ಟಿಗಾಗಿ ಎಂಟು ವೋಲ್ಟೇಜು ಮಟ್ಟಗಳನ್ನು ಒತ್ತೊತ್ತಾಗಿ ಇಟ್ಟಿರುವುದರಿಂದ ದೋಷವೂ ಹೆಚ್ಚು. ಅದಕ್ಕೆಂದೇ ರಾಬರ್ಟ್ ಗ್ಯಾಲಗರ್ 1960ರ ದಶಕದ ಆರಂಭದಲ್ಲಿ ರೂಪಿಸಿದ, ಆಮೇಲೆ ದಶಕಗಟ್ಟಲೆ ಮರೆತುಹೋಗಿದ್ದ ಎಲ್‌ಡಿಪಿಸಿ ಸಂಕೇತಗಳನ್ನು ಇಂದಿನ ನಿಯಂತ್ರಕಗಳು ಬಳಸುತ್ತವೆ. ಅವುಗಳಲ್ಲಿ ಮೊದಲು ಒಂದೇ ಓದಿನಿಂದ ತಿದ್ದಲು ನೋಡಿ, ಆಗದಿದ್ದರೆ ಮಾತ್ರ ವೋಲ್ಟೇಜಿನ ಗಡಿಯನ್ನು ಅತ್ತಿತ್ತ ಸರಿಸಿ ಅದೇ ಪೇಜನ್ನು ಹಲವು ಬಾರಿ ಓದಿ, ಪ್ರತಿ ಬಿಟ್ ಎಷ್ಟು ನಂಬುವಂತಿದೆ ಎಂಬ ಮಾಹಿತಿಯೊಡನೆ ಮತ್ತೆ ತಿದ್ದುತ್ತಾರೆ. ವಿದ್ಯುತ್ತು ಹೋಗುವುದು ಆ ಮರು ಓದುಗಳಲ್ಲಿ. ಅಲ್ಲಿಯ ಸಮತೋಲನದ ಲೆಕ್ಕವೇ ಬೇರೆ.

ದೊಡ್ಡಪ್ಪನ ಮೋಟಾರಿಗೆಂದು ಈಗ ಎರಡನೆಯ ಬೋರ್ಡು ತಯಾರಾಗುತ್ತಿದೆ. ಅದು ವಿದ್ಯುತ್ಪ್ರವಾಹವನ್ನು ಸೆಕೆಂಡಿಗೊಮ್ಮೆ ದಾಖಲಿಸುತ್ತದೆ, ಪೇಜು 64 ಸೆಕೆಂಡಿಗೊಮ್ಮೆ ತುಂಬುತ್ತದೆ. ಅಷ್ಟು ಬೇಗ ಬೇಗ ಬರೆಯುವಾಗಲೂ ಚಿಪ್ಪನ್ನು ಕಡಿಯುವುದು ಲಾಭವೇ ಎಂದು ಲೆಕ್ಕ ಹಾಕಿದೆ. ಎಬ್ಬಿಸಲು ಕೆಪಾಸಿಟರಿಗೆ 3 ಮೈಕ್ರೊಕೂಲಂಬ್, ಚಿಪ್ಪು ಸಿದ್ಧವಾಗುವ ಕೆಲವು ಮಿಲಿಸೆಕೆಂಡಿಗೆ ಇಪ್ಪತ್ತೈದರಷ್ಟು ಎಂದರೂ ಒಟ್ಟು 30ರ ಒಳಗೆ. ಅದು ಮೂರು ಸೆಕೆಂಡಿನ ಸ್ಟ್ಯಾಂಡ್‌ಬೈ. ಎರಡು ಪೇಜುಗಳ ನಡುವೆ ಮೂರು ಸೆಕೆಂಡಿಗಿಂತ ಹೆಚ್ಚು ಬಿಡುವಿದ್ದರೆ ಕಡಿಯಬೇಕು. ಆದರೆ ಈ ವೇಗದಲ್ಲಿ ಚಿಪ್ಪು ನಲವತ್ತೆಂಟು ದಿನಕ್ಕೆ ತುಂಬಿ, ಹಳೆಯ ದಾಖಲೆಯ ಮೇಲೆ ಹೊಸದು ಬರುತ್ತದೆ. ಯಾವ ಪೇಜೂ ಎರಡು ತಿಂಗಳ ಮುಪ್ಪನ್ನು ಕಾಣುವುದಿಲ್ಲ. ಆದ್ದರಿಂದ ಆ ಬೋರ್ಡಿನ ಫರ್ಮ್‌ವೇರಿನಿಂದ ಉಷ್ಣತೆಯ ಕೋಷ್ಟಕವನ್ನೂ ಮಾದರಿ ಪರೀಕ್ಷೆಯನ್ನೂ ತೆಗೆದುಹಾಕಿದ್ದೇನೆ. ಸಂಕೇತವನ್ನು ಬಿಸಿಎಚ್-4ಕ್ಕೆ ಇಳಿಸಿದ್ದೇನೆ, ಅದರಿಂದ ಉಳಿದ ಹೆಚ್ಚುವರಿ ಬೈಟುಗಳಲ್ಲಿ ಪ್ರತಿ ಬ್ಲಾಕನ್ನು ಎಷ್ಟು ಬಾರಿ ಅಳಿಸಲಾಗಿದೆ ಎಂಬ ಎಣಿಕೆ ಕೂರುತ್ತದೆ.